ಕಮಾನಿನ ಕೂದಲು: ಮನೆಯಲ್ಲೋ, ಮಿರಜದಲ್ಲೋ?

ನಮ್ಮ ಮುದ್ದೇಬಿಹಾಳದ ಪೇಟೆಯಲ್ಲಿ ಹೊಲಿಗೆ ಮಶೀನು ರಿಪೇರಿಯಾಗುತ್ತದೆ, ಮಿಕ್ಸರ್ ರಿಪೇರಿಯಾಗುತ್ತದೆ. ಪಿಟೀಲಿನ ಕಮಾನಿಗೆ ಹೊಸ ಕೂದಲು ಕಟ್ಟಿಕೊಡುವವರು ಮಾತ್ರ ನನಗೆಲ್ಲೂ ಸಿಗಲಿಲ್ಲ. ಹೀಗಾಗಿ ಮನೆಯಲ್ಲಿ ಒಂದು ಚರ್ಚೆಯೇ ನಡೆಯಿತು. ನಾವೇ ಕಟ್ಟಿಬಿಡುವುದೋ, ಮಿರಜಕ್ಕೆ ಒಯ್ಯುವುದೋ?

ಕಮಾನು ನಮ್ಮ ಮಾವನವರದು. ಶ್ರಾವಣದಲ್ಲಿ ಕೀರ್ತನಕಾರರು ಬಂದರೆ ಪಿಟೀಲಿನ ಸಾಥಿ ಇವರದೇ ಇರುತ್ತಿತ್ತು. ಅವರು ತೀರಿಕೊಂಡು ನಾಲ್ಕು ವರ್ಷದ ಮೇಲೆ ನನ್ನ ಮಗಳು ಕಲಿಯುತ್ತೇನೆಂದು ಪೆಟ್ಟಿಗೆ ತೆರೆದಳು. ಪಿಟೀಲು ನೆಟ್ಟಗಿತ್ತು. ಕಮಾನಿನ ಕೂದಲು ಅರ್ಧಕ್ಕರ್ಧ ತುಂಡಾಗಿ ಬಿದ್ದಿತ್ತು. ಇದು ಹುಳದ ಕೆಲಸ. ಉಣ್ಣೆ ತಿನ್ನುವ ಸಣ್ಣ ಹುಳಕ್ಕೆ ಕುದುರೆ ಬಾಲದ ಕೂದಲೂ ಆಹಾರವೇ. ಕತ್ತಲೆ, ಮುಚ್ಚಿಟ್ಟ ಪೆಟ್ಟಿಗೆ ಸಿಕ್ಕರೆ ಅದಕ್ಕೆ ಸುಗ್ಗಿ.

“ಅಲ್ಲವಾ, ಮೂರು ಹೆಣ್ಣುಮಕ್ಕಳ ತಲಿ ಹೆಣದೀದಿ, ಸೀರಿ ಸೆರಗಿಗೆ ಕುಚ್ಚು ಕಟ್ತೀದಿ. ಇದೇನ ಮಹಾ ಕೆಲಸ?” ಎಂದಳು ನೆಗೆಣ್ಣಿ. ಕೇಳಿದರೆ ಹಾಗೆಯೇ ಅನಿಸುತ್ತದೆ ನೋಡಿ. ಆದರೆ ನಮ್ಮವರು, “ಕಮಾನು ಮುರಿದರ ಅಪ್ಪನ ಕಮಾನು ಮತ್ತ ಬರೂದಿಲ್ಲ” ಎಂದರು. ಆ ಮಾತಿಗೆ ಎಲ್ಲರೂ ಸುಮ್ಮನಾದೆವು.

ನಮ್ಮೂರಿಗೆ ರೈಲಿಲ್ಲ. ಬಸ್ಸಿನಲ್ಲಿ ವಿಜಯಪುರ, ಅಲ್ಲಿಂದ ಅಥಣಿ, ಕಾಗವಾಡ ದಾಟಿದರೆ ಮಹಾರಾಷ್ಟ್ರದ ಗಡಿ, ಮುಂದೆ ಮಿರಜ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದೊಳಗೆ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲವಲ್ಲ, ತಾಯಿ ಮಗಳು ಇಬ್ಬರೇ ಬುತ್ತಿ ಕಟ್ಟಿಕೊಂಡು ಹೊರಟೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ತೊಡೆಯ ಮೇಲೆ ಪಿಟೀಲಿನ ಪೆಟ್ಟಿಗೆ!

ಮಿರಜದಲ್ಲಿ ಸಿತಾರ್ ಮಾಡುವವರ ಓಣಿಯೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಈ ಕಸುಬು ಶುರು ಮಾಡಿದರಂತೆ. 2024ರಲ್ಲಿ ಮಿರಜದ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅಂಗಡಿಗಳಲ್ಲಿ ಒಣಗಿದ ದೊಡ್ಡ ಬುರುಡೆಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ್ದ ಊರಿದು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲಿಯ ಮೀರಾಸಾಹೇಬರ ದರ್ಗಾದಲ್ಲಿದೆ. ಕೆಲಸಕ್ಕೆ ಬಂದವರು ಅಲ್ಲಿಗೂ ಹೋಗಿ ಕೈಮುಗಿದು ಬಂದೆವು.

ಓಣಿಯ ಒಬ್ಬ ಹಿರಿಯ ಕುಶಲಕರ್ಮಿಗಳು ಕಮಾನನ್ನು ಬೆಳಕಿಗೆ ಹಿಡಿದು ನೋಡಿದರು. ಮರಾಠಿ ಬೆರೆತ ಕನ್ನಡದಲ್ಲಿ, “ಕಟ್ಟಿಗಿ ಚಲೋ ಐತಿ ತಾಯಿ. ಮನ್ಯಾಗ ಬಿಚ್ಚಲಿಲ್ಲ, ಅದೇ ಪುಣ್ಯ” ಎಂದರು. ಯಾಕೆ ಎಂದು ಕೇಳಿದೆ. ಬಿಚ್ಚಿ ತೋರಿಸಿಯೇ ಬಿಟ್ಟರು.

ಕಮಾನಿನ ತುದಿಯಲ್ಲಿ ಕಡಲೆಕಾಳಿನಷ್ಟು ಒಂದು ಗೂಡು. ಕೂದಲಿನ ಗಂಟನ್ನು ಅದರಲ್ಲಿಟ್ಟು, ಅಳತೆಗೆ ಕೆತ್ತಿದ ಕಟ್ಟಿಗೆಯ ಬೆಣೆ ಕೂರಿಸುತ್ತಾರೆ. ಕೈ ಹಿಡಿಯುವ ಕಡೆಯೂ ಹೀಗೆಯೇ ಬೆಣೆ. ತುದಿಯ ಬೆಣೆ ಕೂದಲೆಳೆಯಷ್ಟು ದಪ್ಪವಾದರೂ ತೆಳ್ಳನೆಯ ತುದಿ ಸೀಳುತ್ತದೆ, ಸಣ್ಣದಾದರೆ ಬಾರಿಸುವಾಗ ಗಂಟು ಕಿತ್ತು ಬರುತ್ತದೆ. ಅಂಟು ಹಾಕಿದರೋ, ಮುಂದಿನ ಸಲ ಬಿಚ್ಚಲಾಗದು. ಸುಮಾರು 150ರಿಂದ 200 ಕೂದಲು ಒಂದಕ್ಕೊಂದು ದಾಟದಂತೆ ಒದ್ದೆ ಮಾಡಿ ಬಾಚಿ, ಎಲ್ಲಕ್ಕೂ ಒಂದೇ ಬಿಗಿ ಕೊಡಬೇಕು. ಒಂದು ಬದಿ ಬಿಗಿಯಾದರೆ ಕಟ್ಟಿಗೆಯೇ ನಿಧಾನವಾಗಿ ಸೊಟ್ಟಗಾಗುತ್ತದೆ. ಅಂದರೆ ಕೂದಲು ಹೆಣೆಯುವ ಕೆಲಸಕ್ಕಿಂತ ಇದು ಬಡಿಗತನದ ಕೆಲಸ!

ಇನ್ನೊಂದು ಸಂಗತಿ ನಮ್ಮ ಸೀಮೆಯವರಿಗೆ ಬಹಳ ಮುಖ್ಯ. ಕುದುರೆ ಕೂದಲು ತೇವಕ್ಕೆ ಉದ್ದವಾಗುತ್ತದೆ, ಒಣ ಹವೆಗೆ ಕುಗ್ಗುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕೂದಲು ಗಿಡ್ಡವಾಗಿ, ತಿರುಪು ಪೂರ್ತಿ ಸಡಿಲಿಸಿದರೂ ತುದಿಯನ್ನು ಎಳೆಯುತ್ತಲೇ ಇರಬಹುದು. “ಬಿಸಿಲೂರಿನವರು ಅಂತ ಮೊದಲೇ ಹೇಳಬೇಕು, ತುಸು ಉದ್ದ ಬಿಡ್ತೀವಿ” ಎಂದರು. ಕಟ್ಟಿಸುವಾಗ ಈ ಮಾತು ಮರೆಯದಿರಿ.

ಹಾಗಾದರೆ ಮನೆಯಲ್ಲಿ ಮಾಡಲೇಬಾರದೇ? ಕಡಿಮೆ ಬೆಲೆಯ ಕಮಾನಿದ್ದು, ಹಾಳಾದರೂ ಚಿಂತೆಯಿಲ್ಲವೆಂದರೆ, ಉಳಿ ಹಿಡಿದು ಗೊತ್ತಿರುವವರು ಕಲಿಯಲು ಪ್ರಯತ್ನಿಸಬಹುದು. ಹಿರಿಯರು ಬಿಟ್ಟುಹೋದ ಮರದ ಕಮಾನಿನ ಮೇಲೆ ಮಾತ್ರ ಪ್ರಯೋಗ ಬೇಡ.

ಮನೆಯಲ್ಲಿ ನಮ್ಮ ಕೈಯಲ್ಲಿರುವುದು ಜೋಪಾನ. ಬಾರಿಸಿದ ಕೂಡಲೇ ತಿರುಪು ಸಡಿಲಿಸಬೇಕು. ಕೂದಲನ್ನು ಕೈಯಿಂದ ಮುಟ್ಟಬಾರದು, ಬೆರಳಿನ ಜಿಡ್ಡು ಹತ್ತಿದರೆ ರಾಳ ಹಿಡಿಯದು, ಸ್ವರ ಏಳದು. ತಲೆಗೂದಲಿಗೆ ಹಚ್ಚಿದಂತೆ ಎಣ್ಣೆ ಹಚ್ಚೀರಿ, ಜೋಕೆ! ಕಡಿದ ಎಳೆಯನ್ನು ಜಗ್ಗದೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಟ್ಟಿಗೆಯ ಮೇಲಿನ ರಾಳದ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ. ಸ್ಪಿರಿಟ್ ತಾಗಿದರೆ ಹೊಳಪು ಹೋಗುತ್ತದೆ. ಖಾಲಿ ಪೆಟ್ಟಿಗೆಯನ್ನು ಆಗಾಗ ಝಾಡಿಸಿ ಗಾಳಿ ಬೆಳಕಿಗೆ ಇಡಿ. ಹುಳಕ್ಕೆ ಬೆಳಕೂ ಬೇಡ, ಅಲುಗಾಟವೂ ಬೇಡ. ದಿನಾ ಬಾರಿಸುವ ಕಮಾನಿನ ಹತ್ತಿರ ಅದು ಸುಳಿಯುವುದು ಕಡಿಮೆ.

ಈಗ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗಳ ಸಾ ರಿ ಗ ಶುರುವಾಗುತ್ತದೆ. ಸ್ವರ ಇನ್ನೂ ಅಲ್ಲಲ್ಲಿ ಕಿರುಗುಟ್ಟುತ್ತದೆ, ಅತ್ತೆಯವರು ಮಾತ್ರ ಜಪಮಾಲೆ ಕೆಳಗಿಟ್ಟು ಕೇಳುತ್ತಾರೆ. ನಿಮ್ಮ ಅಟ್ಟದ ಮೇಲೂ ಇಂಥದೊಂದು ಪೆಟ್ಟಿಗೆ ಇದ್ದರೆ, ಸೋದರಿಯರೇ, ಈ ವಾರವೇ ಇಳಿಸಿ ತೆರೆದು ನೋಡಿರಿ.