ದಂಡ ಹಾಕುವ ಮುಂಚೆ

ಮತದಾನದ ಮಾರನೇ ದಿನದ ಪತ್ರಿಕೆಯಲ್ಲಿ ಬೆಂಗಳೂರಿಗೆ ಬೈಗುಳ ಇದ್ದೇ ಇರುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ನೂರಕ್ಕೆ 80 ದಾಟಿದರೆ ರಾಜಧಾನಿಯ ಕ್ಷೇತ್ರಗಳು 54ರ ಆಸುಪಾಸಿನಲ್ಲೇ ನಿಂತವು. ಆಗ ಪಾರ್ಕಿನ ಕಲ್ಲುಬೆಂಚಿನಲ್ಲೂ ದರ್ಶಿನಿಯ ಕಾಫಿ ಕಟ್ಟೆಯಲ್ಲೂ ಒಂದೇ ಮಾತು: "ಓಟು ಹಾಕದವರಿಗೆ ದಂಡ ಜಡೀಬೇಕು ಕಣ್ರೀ, ಆಸ್ಟ್ರೇಲಿಯಾದಲ್ಲಿ ಹಾಕಲ್ವಾ?"

ಸಿಟ್ಟು ನನಗೂ ಬರುತ್ತದೆ. ಶುಕ್ರವಾರ ಮತದಾನವೆಂದರೆ ಗುರುವಾರ ಸಂಜೆಗೇ ಮಡಿಕೇರಿ ದಾರಿ ಹಿಡಿಯುವವರಿದ್ದಾರೆ. ಈ ಚಾಳಿಗೆ ಹೆದರಿಯೇ ಚುನಾವಣಾ ಆಯೋಗ 2023ರ ವಿಧಾನಸಭಾ ಮತದಾನವನ್ನು ಬುಧವಾರ ಇಟ್ಟಿತ್ತು. ಓಟು ಹಾಕುವುದು ಕರ್ತವ್ಯ; ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಆಸ್ಟ್ರೇಲಿಯಾದ ಹೆಸರೆತ್ತುವವರು ಆ ಕಥೆಯನ್ನು ಪೂರ್ತಿ ಹೇಳುವುದಿಲ್ಲ. 1922ರಲ್ಲಿ ಅಲ್ಲಿ ಓಟು ಹಾಕಿದವರು ನೂರಕ್ಕೆ 60ಕ್ಕೂ ಕಡಿಮೆ. ಟಾಸ್ಮೇನಿಯಾದ ಸೆನೆಟರ್ ಹರ್ಬರ್ಟ್ ಪೇನ್ ಖಾಸಗಿ ಮಸೂದೆ ತಂದರು, 1924ರಲ್ಲಿ ಅದು ಕಾನೂನಾಯಿತು, ಮರುವರ್ಷದ ಚುನಾವಣೆಯಲ್ಲೇ ಸಂಖ್ಯೆ 91 ದಾಟಿತು. ದಂಡ ಇವತ್ತಿಗೂ ಬರೀ 20 ಡಾಲರ್. ಅದೂ ಸುಮ್ಮನೆ ಬೀಳುವುದಿಲ್ಲ. ಮೊದಲು ಕಾರಣ ಕೇಳಿ ಪತ್ರ ಬರುತ್ತದೆ, ಸರಿಯಾದ ಕಾರಣ ಕೊಟ್ಟರೆ ಅಲ್ಲಿಗೇ ಮುಗಿಯಿತು.

ಅಲ್ಲಿ ಮತದಾನದ ದಿನ ಹೇಗಿರುತ್ತದೆ ನೋಡಿ. ಶನಿವಾರ. ಮನೆ ಹತ್ತಿರದ ಶಾಲೆ. ಮೇಜಿನ ಹಿಂದೆ ಕೂತವರು ಕೇಳುವುದು ಮೂರೇ ಪ್ರಶ್ನೆ: ಪೂರ್ತಿ ಹೆಸರೇನು, ಮನೆ ಎಲ್ಲಿ, ಈ ಚುನಾವಣೆಯಲ್ಲಿ ಆಗಲೇ ಓಟು ಹಾಕಿದ್ದೀರಾ? ಗುರುತಿನ ಚೀಟಿ ಬೇಕಿಲ್ಲ, ಬೆರಳಿಗೆ ನಮ್ಮ ಮೈಸೂರಿನ ಶಾಯಿಯೂ ಇಲ್ಲ. ರಟ್ಟಿನ ಮರೆಯಲ್ಲಿ ಪೆನ್ಸಿಲ್ಲಿನಿಂದ ಅಂಕಿ ಬರೆದು, ಮಡಚಿ, ಪೆಟ್ಟಿಗೆಗೆ ಹಾಕಿದರಾಯಿತು. ಎಷ್ಟೋ ಕಡೆ ಅಂಗಳದಲ್ಲಿ ಶಾಲಾಮಕ್ಕಳ ತಂದೆತಾಯಿ ಸಾಸೇಜ್ ಸುಟ್ಟು ಮಾರಿ ಶಾಲೆಗೆ ನಾಲ್ಕು ಕಾಸು ಕೂಡಿಸುತ್ತಿರುತ್ತಾರೆ. ಒಂದು ಥರ ಜಾತ್ರೆಯೇ. ಅಲ್ಲಿನ ಪೌರತ್ವ ಪಡೆದ ಕನ್ನಡಿಗರೂ ಈ ಸಾಲಿನಲ್ಲಿ ನಿಲ್ಲಲೇಬೇಕು.

ಮುಖ್ಯವಾದ ಮಾತು ಇನ್ನೊಂದಿದೆ. ಆ ದಿನ ನೀವು ನಿಮ್ಮ ರಾಜ್ಯದ ಯಾವ ಊರಲ್ಲೇ ಇರಿ, ಅಲ್ಲಿನ ಮತಗಟ್ಟೆಯಲ್ಲೇ ಓಟು ಹಾಕಬಹುದು. ಬರಲಾಗದವರಿಗೆ ಅಂಚೆ ಉಂಟು, ಮುಂಗಡ ಮತದಾನ ಉಂಟು. ದೂರದ ಹಾಡಿಗಳಿಗೆ ಸಿಬ್ಬಂದಿಯೇ ಪೆಟ್ಟಿಗೆ ಹೊತ್ತು ಹೋಗುತ್ತಾರೆ. ಪ್ರಜೆಗೆ ಕಡ್ಡಾಯ ಮಾಡಿದ ಸರ್ಕಾರ ತನಗೂ ಕಡ್ಡಾಯ ಮಾಡಿಕೊಂಡಿತು.

ನಮ್ಮಲ್ಲಿ ಗುಜರಾತ್ ಸ್ಥಳೀಯ ಸಂಸ್ಥೆಗಳ ಮತದಾನವನ್ನು ಕಡ್ಡಾಯ ಮಾಡಿ, 100 ರೂಪಾಯಿ ದಂಡದ ನಿಯಮವನ್ನೂ ತಂದಿತು. 2015ರಲ್ಲಿ ಹೈಕೋರ್ಟು ತಡೆ ಕೊಟ್ಟಿತು. ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ತಿದ್ದುಪಡಿಯೂ ಕಡ್ಡಾಯ ಎಂದಿತು, ದಂಡದ ಸುದ್ದಿಗೆ ಹೋಗಲಿಲ್ಲ. ಹೋಗದಿದ್ದದ್ದೇ ಸರಿ.

ನಮ್ಮ ಬೀದಿಯ ಕೊನೆಯಲ್ಲಿ ಏಳುತ್ತಿದ್ದ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಸಂಸಾರವೊಂದಿತ್ತು. ಓಟಿಗೆ ಹೋಗಲ್ವೇನಮ್ಮ ಎಂದರೆ ಆಕೆ ಇಟ್ಟಿಗೆಗೆ ನೀರು ಬಿಡುತ್ತಲೇ ಹೇಳಿದಳು: "ಊರಿಗಿ ಹೋಗಿ ಬರ್ಲಾಕ ಮೂರು ದಿನದ ಪಗಾರ ಹೋಗ್ತದ್ರಿ ಸರ. ಬಸ್ಸಿನ ರೊಕ್ಕ ಬ್ಯಾರೆ." ದಿನಗೂಲಿಯವರಿಗೂ ಸಂಬಳ ಸಮೇತ ರಜೆ ಕೊಡಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಮೇಸ್ತ್ರಿಗೆ ಆ ಕಲಂ ಗೊತ್ತಿಲ್ಲ, ಗೊತ್ತಿದ್ದರೂ ರಜೆ ಒಂದು ದಿನದ್ದು, ದಾರಿ ಅದಕ್ಕಿಂತ ಉದ್ದ. ದಂಡದ ಕಾನೂನು ಬಂದರೆ ಮಡಿಕೇರಿಗೆ ಹೋದವರು ಫೋನಿನಲ್ಲೇ ದುಡ್ಡು ಕಟ್ಟಿ ಮರೆತುಬಿಡುತ್ತಾರೆ. ಈಕೆಗೆ ಅದು ಮಕ್ಕಳ ಅನ್ನದಿಂದ ಹೋಗುತ್ತದೆ. ಇದನ್ನು ನ್ಯಾಯ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಆಯೋಗ ಮನಸ್ಸು ಮಾಡಿದರೆ ಆಗದ್ದಲ್ಲ. 2024ರಲ್ಲಿ 85 ದಾಟಿದವರ ಮನೆಗೇ ಮತಪತ್ರ ಹೋಯಿತು. ಅದಕ್ಕೂ ಮುಂಚೆ, 2022ರ ಕೊನೆಯಲ್ಲಿ, ಇದ್ದ ಊರಿಂದಲೇ ತವರು ಕ್ಷೇತ್ರಕ್ಕೆ ಓಟು ಹಾಕಬಲ್ಲ, 72 ಕ್ಷೇತ್ರಗಳನ್ನು ನಿಭಾಯಿಸುವ ಯಂತ್ರವೊಂದರ ಮಾದರಿ ಸಿದ್ಧವಾಗಿದೆ ಎಂದು ಆಯೋಗ ಸಾರಿತ್ತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ವಲಸಿಗರೆಂದರೆ ಯಾರು, ಬೇರೆ ರಾಜ್ಯದ ಮತಗಟ್ಟೆಯಲ್ಲಿ ಏಜೆಂಟರನ್ನು ಕೂರಿಸುವುದು ಹೇಗೆ ಎಂಬ ಪ್ರಶ್ನೆಗಳಲ್ಲಿ ಹುರುಳಿದೆ. ಹಾಗಾದರೆ ಕೂತು ಬಗೆಹರಿಸಿ. ಯಂತ್ರ ಬೇಡವೆಂದರೆ ಅಂಚೆ ಮತವನ್ನಾದರೂ ಆ ಶೆಡ್ಡಿಗೆ ಮುಟ್ಟಿಸಿ. ದಂಡದ ಮಾತನ್ನು ಆಮೇಲೆ ಆಡೋಣ.