ಒಂದು ಎಫ್‌ನ ಕೋಫಿ, ಎರಡು ಎಫ್‌ನ ಕೋಫಿ

ಘಾನಾದ ಅಕ್ರಾದಿಂದ ಪೂರ್ವಕ್ಕೆ ಹೊರಟ ನಮ್ಮ ವ್ಯಾನು ವೋಲ್ಟಾ ನದಿಯ ಸೋಗಾಕೋಪೆ ಸೇತುವೆಯ ಬಳಿ ನಿಧಾನಿಸಿದ್ದೇ ತಡ, ಕಿಟಕಿಯ ತುಂಬ ತಲೆ ಮೇಲೆ ಹೊತ್ತ ತಟ್ಟೆಗಳು. ಒಂದರಲ್ಲಿ ‘ಆಬೊಲೊ’ ಎಂಬ ಮೆಕ್ಕೆಜೋಳದ ಕಡುಬು, ಇನ್ನೊಂದರಲ್ಲಿ ಗರಿಗರಿಯಾಗಿ ಕರಿದ ಪುಟ್ಟ ಮೀನು. ವ್ಯಾಪಾರಕ್ಕೆ ನಿಂತ ಹೆಂಗಸೊಬ್ಬರು ‘ಅಬ್ಲಾ!’ ಎಂದು ಕೂಗಿದರು. ಇಬ್ಬರು ಹುಡುಗಿಯರು ತಿರುಗಿದರು. ಇಬ್ಬರೂ ಮಂಗಳವಾರ ಹುಟ್ಟಿದವರು.

ಈ ಸೀಮೆಯ ಎವೆ ಜನರಲ್ಲಿ ಮಗುವಿನ ಮೊದಲ ಹೆಸರು ಹುಟ್ಟಿದ ವಾರದ್ದು. ಸೋಮವಾರದ ಗಂಡು ಕೊಡ್ಜೊ, ಹೆಣ್ಣು ಅಡ್ಜೊ. ಬುಧವಾರಕ್ಕೆ ಕೊಕು, ಅಕು; ಶುಕ್ರವಾರಕ್ಕೆ ಕೋಫಿ, ಅಫಿ. ಅವಳಿ ಗಂಡುಮಕ್ಕಳಾದರೆ ಅತ್ಸು, ಎತ್ಸೆ. ಇವನ್ನು ಯಾರೂ ಹುಡುಕಬೇಕಿಲ್ಲ.

ಹೆತ್ತವರ ಮನಸ್ಸು ತೆರೆದುಕೊಳ್ಳುವುದು ಇನ್ನೊಂದು ಹೆಸರಿನಲ್ಲಿ. ಅದು ಎಷ್ಟೋ ಸಲ ಒಂದು ಇಡೀ ವಾಕ್ಯ. ಮವುಲಿ ಎಂದರೆ ದೇವರಿದ್ದಾನೆ. ಮವುಎನಾ, ದೇವರು ಕೊಟ್ಟ. ಕಫುಯಿ, ಅವನನ್ನು ಕೊಂಡಾಡು. ಜಿಫಾ ಎಂದರೆ ಎದೆ ತಣ್ಣಗಾಯಿತು. ಅಗ್ಬೆನ್ಯೆಗಾ ಎಂದರೆ ಬದುಕೇ ದೊಡ್ಡದು. ಸಾವು ಕಂಡ ಮನೆಯಲ್ಲಿ ಈ ಹೆಸರು ಕೂಗುವಾಗಲೆಲ್ಲ ಅದೆಷ್ಟು ಧೈರ್ಯ ಬರುತ್ತದೋ! ಹೊ ಪಟ್ಟಣದಲ್ಲಿ 1950ರಲ್ಲಿ ಶುರುವಾದ ಶಾಲೆಯ ಹೆಸರೂ ಮವುಲಿ.

ಜರ್ಮನಿಯ ಬ್ರೆಮನ್ ಮಿಶನರಿಗಳು 1847ರಲ್ಲಿ ಎವೆ ನಾಡಿನ ಪೆಕಿಗೆ ಬಂದರು. ಕ್ರೈಸ್ತಧರ್ಮ ಹರಡಿದಂತೆ ಯುರೋಪಿನ ಹೆಸರುಗಳೂ ಮನೆಹೊಕ್ಕವು. ಇದೇ ನಾಡಿನ ವ್ಹೆಟಾದಲ್ಲಿ ಹುಟ್ಟಿದ ಕವಿಯೊಬ್ಬರ ಮೊದಲ ಸಂಕಲನ 1964ರಲ್ಲಿ ಬಂದಾಗ ಅದರ ಮೇಲಿದ್ದದ್ದು ಜಾರ್ಜ್ ಅವೂನರ್-ವಿಲಿಯಮ್ಸ್ ಎಂಬ ಹೆಸರು. ಜಗತ್ತು ಇಂದು ಅವರನ್ನು ಬಲ್ಲದ್ದು ಕೋಫಿ ಅವೂನರ್ ಎಂದೇ. ಎರಡು ಪರದೇಶಿ ಹೆಸರುಗಳನ್ನು ಕಳಚಿಟ್ಟು ಅವರು ವಾರದ ಹೆಸರನ್ನು ಮುಂದಿಟ್ಟುಕೊಂಡರು. ನನಗೆ ಇದು ಅವರ ಕವಿತೆಗಳಷ್ಟೇ ಮುಖ್ಯ.

ಅಫ್ಲಾವೊ ಗಡಿ ದಾಟಿದರೆ ಎದುರಿಗೇ ಟೋಗೊದ ಲೋಮೆ. ಮೊದಲ ಮಹಾಯುದ್ಧದ ನಂತರ ಜರ್ಮನ್ ಟೋಗೊಲ್ಯಾಂಡನ್ನು ಬ್ರಿಟನ್, ಫ್ರಾನ್ಸ್ ಹಂಚಿಕೊಂಡವು. ಬ್ರಿಟಿಷರ ಪಾಲು 1956ರ ಜನಮತಗಣನೆಯ ಮೇಲೆ ಘಾನಾಕ್ಕೆ ಸೇರಿತು. ಹೀಗೆ ಒಂದೇ ಮಾತಿನ ಜನ ಎರಡು ದೇಶದವರಾದರು. ಒಂದು ಕಡೆ ಇಂಗ್ಲಿಷ್ ಬರವಣಿಗೆ, ಇನ್ನೊಂದು ಕಡೆ ಫ್ರೆಂಚ್. ಹಾಗಾಗಿ ಘಾನಾದ ಕೋಫಿಗೆ ಒಂದು ಎಫ್, ಟೋಗೊದ ಕೋಫಿಗೆ ಸಾಮಾನ್ಯವಾಗಿ ಎರಡು. ಕೂಗಿದರೆ ಇಬ್ಬರೂ ಓಗೊಡುತ್ತಾರೆ. 1974ರಲ್ಲಿ ಟೋಗೊದ ಅಧ್ಯಕ್ಷ ಎಯಾದೆಮಾ ಯುರೋಪಿನ ಹೆಸರುಗಳನ್ನು ಬಿಡಿಸಲು ಹೊರಟು, ತಮ್ಮ ‘ಎತಿಯೆನ್’ ತೆಗೆದು ‘ನ್ಯಾಸಿಂಗ್ಬೆ’ ಇಟ್ಟುಕೊಂಡರು. ಅವರು ಎವೆ ಅಲ್ಲ, ಉತ್ತರದ ಕಬಿಯೆ ಜನಾಂಗದವರು.

ಲೋಮೆಯ ಮಾರುಕಟ್ಟೆಯಲ್ಲಿ ಬಟ್ಟೆ ಮಾರುವ ಅಜ್ಜಿ ನನ್ನ ಹೆಸರು ಕೇಳಲಿಲ್ಲ, ಹುಟ್ಟಿದ ವಾರ ಕೇಳಿದರು. ಗುರುವಾರ ಎಂದೆ. ‘ಹಾಗಾದರೆ ಯಾವೊ’ ಎಂದು ಪಕ್ಕದ ಅಂಗಡಿಯವರಿಗೂ ಪರಿಚಯಿಸಿದರು. ಆಮೇಲಿನ ಚೌಕಾಸಿಯೆಲ್ಲ ಅದೇ ಹೆಸರಿನಲ್ಲಿ ನಡೆಯಿತು.