ಕಮರಿಯಂಚಿನ ಬಿಡಾರ

ಅಮೇರಿಕಾ ದೇಶದ ಅರಿಜೋನಾ ಪ್ರಾಂತದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯನ್ನು ನೋಡಿ ಬಂದವರು ಅದರ ಬಣ್ಣಗಳನ್ನೇ ವರ್ಣಿಸುವರು. ಕೊಲೊರಾಡೊ ನದಿಯು 277 ಮೈಲುಗಳುದ್ದಕ್ಕೆ ಕೊರೆದಿರುವ ಆ ಕಮರಿಯ ಅಂಚಿನಲ್ಲಿ ನಾವೂ ಮಾತಿಲ್ಲದೆ ನಿಂತೆವು. ಆದರೆ ನಮ್ಮ ಕಿವಿಯಲ್ಲಿ ಇಂದಿಗೂ ಉಳಿದಿರುವುದು ನಮ್ಮ ಬಿಡಾರದೊಳಗೆ, ನೆಲದಿಂದ ಒಂದು ಗೇಣು ಮೇಲೆ, ಗೋಡೆಗಂಟಿದ್ದ ಪುಟ್ಟ ಪೆಟ್ಟಿಗೆಯೊಂದರ ಕೂಗು.

ಆ ಸ್ಥಳವು ರಾಷ್ಟ್ರೋದ್ಯಾನವಾಗಿ ನೂರು ವರ್ಷ ತುಂಬಿದ 2019ನೆಯ ಇಸವಿಯ ಅಕ್ಟೋಬರಿನಲ್ಲಿ, ಮೈಸೂರಿನಿಂದ ಬಂದಿದ್ದ ನಮ್ಮ ತಾಯಿಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು, ಬಾಡಿಗೆಯ ಟ್ರೈಲರೊಂದನ್ನು ಕಾರಿನ ಹಿಂದೆ ಕಟ್ಟಿಕೊಂಡು ಫೀನಿಕ್ಸ್ ನಗರದಿಂದ ಹೊರಟೆವು. ಟ್ರೈಲರೆಂದರೆ ಗಾಲಿಗಳ ಮೇಲಿನ ಮನೆ. ಒಲೆಗೂ ಕೋಣೆಯನ್ನು ಬೆಚ್ಚಗಿಡುವ ಯಂತ್ರಕ್ಕೂ ಪ್ರೊಪೇನ್ ಅನಿಲ; ದೀಪಗಳಿಗೂ ಬಿಸಿಗಾಳಿಯನ್ನೂದುವ ಫ್ಯಾನಿಗೂ ಮಂಚದ ಕೆಳಗಿನ 12 ವೋಲ್ಟಿನ ಬ್ಯಾಟರಿ. “ಎಲ್ಲಾ ಇದೆ, ದೇವರ ಮನೆ ಒಂದಿಲ್ಲ,” ಎಂದು ತಾಯಿಯವರು ಕಪಾಟಿನಲ್ಲಿ ಗಣಪತಿಯ ಪಟವನ್ನಿರಿಸಿದರು.

ಮೊದಲ ರಾತ್ರಿ ಮ್ಯಾಥರ್ ಬಿಡಾರದಲ್ಲಿ ತಂಗಿದೆವು. ಸಮುದ್ರಮಟ್ಟದಿಂದ ಸುಮಾರು 7000 ಅಡಿ ಎತ್ತರ, ಸುತ್ತಲೂ ಪೈನ್ ಮರಗಳು, ಕಟುವಾದ ಚಳಿ. ಅಲ್ಲಿ ವಿದ್ಯುತ್ತಿನ ಸಂಪರ್ಕವಿಲ್ಲ. ನಡುರಾತ್ರಿ ಪೆಟ್ಟಿಗೆಯು ಚಿಲಿಪಿಲಿಗುಟ್ಟತೊಡಗಿತು. ಪ್ರೊಪೇನ್ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆ ಹರಡುವುದು. ಪೆಟ್ಟಿಗೆಯನ್ನು ಅಷ್ಟು ತಗ್ಗಿನಲ್ಲಿಡಲು ಇದೇ ಕಾರಣ. ಎಲ್ಲರನ್ನೂ ಹೊರಗೆ ಕಳುಹಿಸಿ, ಸಿಲಿಂಡರನ್ನು ಮುಚ್ಚಿ, ಯಾವ ಗುಂಡಿಯನ್ನೂ ಮುಟ್ಟದೆ ಬಾಗಿಲುಗಳನ್ನು ತೆರೆದೆವು. ಗಾಳಿಯಾಡಿದ ಮೇಲೆ ಸಿಲಿಂಡರನ್ನು ಮತ್ತೆ ತೆರೆದು, ಕೊಳವೆಯ ಕೀಲುಗಳಿಗೆ ಸಾಬೂನಿನ ನೀರನ್ನು ಹಚ್ಚಿ ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಗೋಡೆಯ ಮಾಪಕವು ಮಾತ್ರ ಹತ್ತೂವರೆ ವೋಲ್ಟು ತೋರಿಸುತ್ತಿತ್ತು. ಫ್ಯಾನು ಬ್ಯಾಟರಿಯನ್ನು ಬರಿದುಮಾಡಿತೆಂದೂ, ಶಕ್ತಿ ಸಾಲದೆ ಪೆಟ್ಟಿಗೆ ನರಳುತ್ತಿದೆಯೆಂದೂ ನಿರ್ಧರಿಸಿ, ನಿದ್ರೆಯ ಆಸೆಯಿಂದ ಅದರ ಫ್ಯೂಸನ್ನು ಕೀಳಲು ಕೈಯಿಟ್ಟೆವು.

“ಅದರ ಬಾಯಿ ಕಟ್ಟಬೇಡಪ್ಪ. ನಾನು ಎದ್ದಿರ್ತೀನಿ,” ಎಂದರು ತಾಯಿಯವರು. ಅನಿಲವನ್ನೂ ಫ್ಯಾನನ್ನೂ ನಿಲ್ಲಿಸಿ, ಮಕ್ಕಳನ್ನು ನಡುವೆ ಮಲಗಿಸಿಕೊಂಡು, ಆ ಕೂಗಿನೊಡನೆಯೇ ಬೆಳಗು ಮಾಡಿದೆವು.

ಮರುದಿನ ವಿದ್ಯುತ್ಸಂಪರ್ಕವುಳ್ಳ ಪಕ್ಕದ ಟ್ರೈಲರ್ ವಿಲೇಜಿಗೆ ಹೋಗಿ, 120 ವೋಲ್ಟಿನ ಕಂಬಕ್ಕೆ ತಂತಿಯನ್ನು ಜೋಡಿಸಿದೆವು. ಹಸಿದವನಿಗೆ ಊಟವಿಕ್ಕಿದರಾಯಿತೆಂಬ ತರ್ಕ ನಮ್ಮದು. ಕೂಗು ನಿಂತಿತು. ಅಂಚಿನ ಮೇಲೆ ಸೂರ್ಯಾಸ್ತವನ್ನು ನೋಡಿ, ಉಪ್ಪಿಟ್ಟುಂಡು ಮಲಗಿದೆವು.

ಎರಡು ಗಂಟೆಯ ಹೊತ್ತಿಗೆ ಪೆಟ್ಟಿಗೆಯು ಕೆಂಪು ದೀಪ ತೋರಿ ಎಡೆಬಿಡದೆ ಅರಚಿತು. ಒಳಗೆಲ್ಲ ಕೊಳೆತ ಮೊಟ್ಟೆಯ ನಾತ! ಪ್ರೊಪೇನಿಗೆ ತನ್ನದೆಂಬ ವಾಸನೆಯಿಲ್ಲ. ಸೋರಿದುದು ತಿಳಿಯಲೆಂದು ದುರ್ಗಂಧದ್ರವ್ಯವನ್ನು ಬೆರೆಸಿರುವರು. ಅದೇ ಇರಬೇಕೆಂದು ಹೆದರಿ ಮಕ್ಕಳನ್ನೆತ್ತಿಕೊಂಡು ಹೊರಗೋಡಿದೆವು. ಸಿಲಿಂಡರನ್ನು ಮುಚ್ಚಿ ಬಹಳ ಹೊತ್ತಾದರೂ ನಾತ ತಗ್ಗಲಿಲ್ಲ.

ಪಕ್ಕದ ಬಿಡಾರದ ವೃದ್ಧರೊಬ್ಬರು ಟಾರ್ಚ್ ಹಿಡಿದು ಬಂದರು. ಮೂಸಿ ನೋಡಿದವರೇ ಸಿಲಿಂಡರಿನ ಕಡೆಗೆ ಹೋಗದೆ, ಕಂಬದಲ್ಲಿನ ವಿದ್ಯುತ್ತನ್ನು ಆರಿಸಿ ತಂತಿಯನ್ನು ಕಿತ್ತರು. ಮಂಚದ ಹಲಗೆಯನ್ನು ಎತ್ತಿದಾಗ ಬ್ಯಾಟರಿಯ ಪಕ್ಕೆಗಳು ಉಬ್ಬಿದ್ದವು. ದೂರದಿಂದಲೇ ಕೈಗೆ ಕಾವು ತಗಲುತ್ತಿತ್ತು. ಅವರು ವಿವರಿಸಿದುದಿಷ್ಟು: ಅಂತಹ ಬ್ಯಾಟರಿಯಲ್ಲಿ ಎರಡೆರಡು ವೋಲ್ಟಿನಷ್ಟು ಕೊಡುವ ಆರು ಮನೆಗಳಿರುವುವು. ಒಂದು ಸತ್ತರೆ ಉಳಿಯುವುದು ಸುಮಾರು ಹತ್ತೂವರೆ. ನಾವು ಹಸಿವೆಂದು ತಿಳಿದದ್ದು ರೋಗವಾಗಿತ್ತು! ಸತ್ತ ಮನೆಯನ್ನರಿಯದ ಚಾರ್ಜರು ತುಂಬುತ್ತಲೇ ಹೋಗಿ, ಉಳಿದ ಐದರ ಆಮ್ಲವು ಕುದಿದು, ಹೈಡ್ರೊಜನ್ ಸಲ್ಫೈಡೆಂಬ ವಿಷಾನಿಲವನ್ನು ಕಾರುತ್ತಿತ್ತು. ಪ್ರೊಪೇನಿಗೆಂದು ಇಟ್ಟ ಪೆಟ್ಟಿಗೆಯು ಅದನ್ನೂ ಕಂಡುಹಿಡಿದಿತ್ತು. ಈ ಅನಿಲವು ಹೆಚ್ಚಾದರೆ ಮೂಗು ವಾಸನೆಯನ್ನೇ ಮರೆತುಬಿಡುವುದಂತೆ. ಅದನ್ನು ಕೇಳಿದಾಗ ನಾವು ಹಿಂದಿನ ರಾತ್ರಿ ಫ್ಯೂಸಿಗೆ ಕೈಯಿಟ್ಟುದು ನೆನಪಾಗಿ ಮೈ ನಡುಗಿತು. ತಾಯಿಯವರು ಆ ಮಾತನ್ನೆತ್ತಲಿಲ್ಲ.

ಆ ರಾತ್ರಿಯನ್ನು ಕಾರಿನಲ್ಲಿ ಕಳೆದೆವು. ಬೆಳಗಾಗಿ ಬ್ಯಾಟರಿ ತಣಿದ ಮೇಲೆ ವೃದ್ಧರೇ ಕೈಗವಸು ತೊಟ್ಟು ಅದನ್ನು ಹೊರತೆಗೆದರು; ನಾವು ಸುಮಾರು 80 ಮೈಲು ದೂರದ ಫ್ಲ್ಯಾಗ್‌ಸ್ಟಾಫಿಗೆ ಹೋಗಿ ಹೊಸದನ್ನು ತಂದೆವು. ಕಮರಿಯನ್ನು ನೋಡಬೇಕಾದ ಒಂದು ಹಗಲು ಹೀಗೆ ರಸ್ತೆಯಲ್ಲೇ ಕಳೆಯಿತು. ಬಾಡಿಗೆಗೆ ಕೊಟ್ಟವರು ಫೋನಿನಲ್ಲಿ, “ಮೊನ್ನೆಯವರೆಗೂ ಸರಿಯಾಗಿತ್ತಲ್ಲ!” ಎಂದರು.

ಆ ರಾತ್ರಿ ಪೆಟ್ಟಿಗೆಯಲ್ಲಿ ಹಸಿರು ದೀಪವುರಿಯಿತು. ತಾಯಿಯವರು ಗಣಪತಿಯ ಪಟವನ್ನು ಕಪಾಟಿನಿಂದಿಳಿಸಿ ಆ ಪೆಟ್ಟಿಗೆಯ ಪಕ್ಕದಲ್ಲಿಟ್ಟು, ನಮ್ಮೆಲ್ಲರಿಗಿಂತ ಮೊದಲು ನಿದ್ರೆ ಹೋದರು.